ಬುಗುರಿ-೩ ಬಿದ್ದ ಕಾರಣ

ಯಂತ್ರಗಳು ತಾವು ಮಾಡಿದ್ದಕ್ಕೆಲ್ಲ ಬಾಯಿಬಿಟ್ಟು ಕಾರಣ ಹೇಳುವಂತಾದರೆ ಮನುಷ್ಯರು ಸುಳ್ಳು ಹೇಳುವುದು ತಾನಾಗಿ ನಿಂತುಹೋಗುತ್ತದೆ ಎಂದು ಕಾರಣ ಕಾಯ್ದೆ ತಂದವರು ನಂಬಿದ್ದರು. ಪಾಪ, ಅವರು ಕಾಲೇಜಿನ ಆಡಳಿತ ಮಂಡಳಿಗಳನ್ನು ಹತ್ತಿರದಿಂದ ನೋಡಿರಲಿಲ್ಲವೆಂದು ಕಾಣುತ್ತದೆ.

ಕಾಯ್ದೆ ಬಂದು ಆರು ವರ್ಷವಾಗಿತ್ತು. ಚಾಲಕನಿಲ್ಲದ ಬಸ್ಸಿರಲಿ, ಔಷಧ ಹೊತ್ತು ಹಾರುವ ಡ್ರೋನಿರಲಿ, ತನ್ನಷ್ಟಕ್ಕೆ ತಾನು ತೀರ್ಮಾನ ಮಾಡುವ ಯಾವ ಯಂತ್ರವೇ ಆಗಲಿ, ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ಜನರಿಗೆ ತಿಳಿಯುವ ಮಾತಿನಲ್ಲಿ ಕಾರಣ ಹೇಳಬೇಕು. ಹೇಳಿದ್ದು ಕಡತಕ್ಕೆ ಸೇರುತ್ತದೆ. ಸೇರಿದ್ದನ್ನು ಯಾರಪ್ಪನಿಂದಲೂ ತಿದ್ದಲಾಗುವುದಿಲ್ಲ. ಬೆಟಗೇರಿಯ ಜನ ಇದಕ್ಕೆ ಬಲು ಬೇಗ ಒಗ್ಗಿಕೊಂಡರು. ಬಸ್ಸು ತಡವಾಗಿ ಬಂದು ಕಾರಣ ಹೇಳತೊಡಗಿದರೆ, "ಎಮ್ಮಿ ಅಡ್ಡ ಬಂತು ಅಂತ ನಿನ್ನೇನೂ ಅಂದಿದ್ದಿ, ದಿನಾ ಬರೂ ಎಮ್ಮಿ ಯಾರದಲೇ ಅದು?" ಎಂದು ಮುದುಕಿಯರು ಬಸ್ಸಿಗೇ ದಬಾಯಿಸುತ್ತಿದ್ದರು.

ಇಂದುಬಾಯಿಗೆ ಮಾತ್ರ ಈ ಮಾತಾಡುವ ಯಂತ್ರಗಳ ಗೊಡವೆ ಇರಲಿಲ್ಲ. ಅವಳ ಹೊಲಿಗೆ ಯಂತ್ರ ಮೂಕಯಂತ್ರ. ಪೇಟೆಯ ಹಿಂದಿನ ಓಣಿಯಲ್ಲಿ 'ಮಹೇಂದ್ರಕರ ಟೇಲರ್ಸ್' ಎಂಬ ಬೋರ್ಡಿನ ಕೆಳಗೆ ಗಂಡ ತುಕಾರಾಮ ಬಟ್ಟೆ ಕತ್ತರಿಸುತ್ತಿದ್ದ, ಅವಳು ಹೊಲಿಯುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಅವಳು ಹಾಕಿದ ಹೊಲಿಗೆ ಬಿಚ್ಚಿತೆಂದು ಒಬ್ಬರೂ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಅದು ಅವಳ ಸೊಕ್ಕು. ಇರಬೇಕಾದ ಸೊಕ್ಕೇ.

ಅಂಥವಳ ಕೈಗೆ ರಾಕೆಟ್ಟಿನ ಛತ್ರಿ ಬಂದದ್ದು ಮಗಳ ಮೂಲಕ. ವೃಂದಾ ಊರಾಚೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಅವಳೂ ಅವಳ ಆರು ಜನ ಗೆಳೆಯ ಗೆಳತಿಯರೂ ಸೇರಿ ಆಳೆತ್ತರ ಮೀರಿದ ಒಂದು ರಾಕೆಟ್ ಕಟ್ಟಿದ್ದರು. ಅದು ಚಂದ್ರನಿಗೂ ಹೋಗುವುದಲ್ಲ, ಸೂರ್ಯನಿಗೂ ಹೋಗುವುದಲ್ಲ. ಒಂದು ಕಿಲೋಮೀಟರ್ ಏರಿ, ಛತ್ರಿ ಬಿಚ್ಚಿ, ಮೆಲ್ಲಗೆ ಇಳಿಯಬೇಕು, ಅಷ್ಟೆ. ಅದರ ಹೊಟ್ಟೆಯಲ್ಲಿ ಕೂತ 'ಹೇಳುಗ' ಎಂಬ ಪುಟ್ಟ ಕಂಪ್ಯೂಟರನ್ನು ಪರೀಕ್ಷಿಸುವುದೇ ಅದರ ಕೆಲಸ. ನಾಲ್ಕು ರೆಕ್ಕೆಗಳನ್ನು ಹೊರಳಿಸಿ ರಾಕೆಟ್ಟು ಗಿರಗಿರ ತಿರುಗದಂತೆ ಹಿಡಿಯುವುದು, ಛತ್ರಿ ಯಾವಾಗ ಬಿಚ್ಚಬೇಕೆಂದು ತೀರ್ಮಾನಿಸುವುದು, ಪ್ರತಿಯೊಂದಕ್ಕೂ ಕಾರಣ ಹೇಳುವುದು, ಎಲ್ಲ ಹೇಳುಗದ್ದು. ತಿರುಗಲೇಬಾರದ ರಾಕೆಟ್ಟಿಗೆ 'ಬುಗುರಿ' ಎಂದು ಹೆಸರಿಟ್ಟಿದ್ದರು, ಹುಡುಗಾಟಕ್ಕೆ. ಹಿಂದಿನವೆರಡು ಹಾರುವ ಮೊದಲೇ ಕೆಟ್ಟಿದ್ದವು. ಇದು ಮೂರನೆಯದು.

ಇದು ಪಾಸಾದರೆ ಹೇಳುಗ ತಾಲೂಕು ಆಸ್ಪತ್ರೆಗಳಿಗೆ ರಕ್ತ ಒಯ್ಯುವ ಡ್ರೋನುಗಳಿಗೆ ಹೋಗುವುದಿತ್ತು. ಆ ಡ್ರೋನು ತಯಾರಿಸುವ ಕಾರ್ಖಾನೆ ಕಾಲೇಜಿನ ಅಧ್ಯಕ್ಷರಾದ ಅಂದಾನಗೌಡರದೇ.

ಇಂದುಬಾಯಿ ಪರಕರಕ್ಕೆ ಕಳಿ ಕತ್ತರಿಸುವಂತೆ, ಮೇಲೆ ಕಿರಿದು ಕೆಳಗೆ ಅಗಲವಾದ ನೈಲಾನಿನ ಎಂಟು ಪಟ್ಟಿ ಕತ್ತರಿಸಿ, ಅಂಚು ಮಡಚಿ, ಎರಡೆರಡು ಸಾಲು ಹೊಲಿದು ಛತ್ರಿ ಮಾಡಿಕೊಟ್ಟಳು. ಮಗಳು ಅದರ ಮೇಲೆ ಪೌಡರ್ ಉದುರಿಸಿ ಮಡಚಿಟ್ಟದ್ದನ್ನು ನೋಡಿ, "ಬಾಣಂತಿ ಕೂಸಿಗೂ ಇಷ್ಟು ಪೌಡರ್ ಹಚ್ಚಂಗಿಲ್ಲಲ್ಲವಾ" ಎಂದು ನಕ್ಕಳು. ಬಟ್ಟೆ ಒಂದಕ್ಕೊಂದು ಅಂಟದೆ ಗಾಳಿಗೆ ಸರಕ್ಕನೆ ಬಿಚ್ಚಲಿ ಎಂದು ಹಾಗೆ ಮಾಡುವುದಂತೆ.

ಹಾರಿಸುವ ದಿನ ಬಯಲಿನಲ್ಲಿ ಪೆಂಡಾಲು ಹಾಕಿದ್ದರು. ಇಂದುಬಾಯಿಯೂ ನೋಡಲು ಬಂದಿದ್ದಳು. ನೂರೈವತ್ತು ಹೆಜ್ಜೆ ಆಚೆ ತಗಡಿನ ಶೆಡ್ಡೇ ನಿಯಂತ್ರಣ ಕೊಠಡಿ. ಬೆಳಿಗ್ಗೆ ಹತ್ತಕ್ಕೆ ಕೊನೆಯ ತಪಾಸಣೆ ಮುಗಿಸಿ ವೃಂದಾ ಎಲ್ಲರಿಗೂ ಕೂಗಿ ಹೇಳಿದಳು: "ಇನ್ನ ಯಾರೂ ಬುಗುರೀನ ಮುಟ್ಟಬ್ಯಾಡ್ರಿ." ಹೇಳಿ ತನ್ನ ತಂಡದೊಂದಿಗೆ ಶೆಡ್ಡಿಗೆ ಹೋದಳು.

ಆಮೇಲೆ ಬಂದವು ಗೌಡರ ಕಾರುಗಳು.

ಕಾಲೇಜಿಗೆ ಇಪ್ಪತ್ತೈದು ತುಂಬಿದ ನೆನಪಿಗೆ ಬಂಗಾರದ ಬಣ್ಣದ ಒಂದು ಸ್ಟಿಕ್ಕರ್ ಮಾಡಿಸಿದ್ದರು. ನಡುವೆ ಕೈಮುಗಿದ ಅಂದಾನಗೌಡರು, ಸುತ್ತ ಕಮಲದ ಎಸಳು. ಅದಕ್ಕೆಂದು ವಿದ್ಯಾರ್ಥಿಗಳು ರಾಕೆಟ್ಟಿನ ಬುಡದಲ್ಲಿ ಒಂದು ಗೇಣು ಜಾಗ ಬಿಟ್ಟಿದ್ದರು. ಆದರೆ ಬುಡವೆಂದರೆ ಹೊಗೆ ಬರುವ ಕಡೆ. ಅಧ್ಯಕ್ಷರ ಮುಖ ಹೊಗೆಯ ಪಕ್ಕದಲ್ಲೇ? ತಂಡದ ಮಾರ್ಗದರ್ಶಕರಾದ ಹಂಚಿನಾಳ ಮಾಸ್ತರರು ಮೊದಲು ಹಿಂದೆಮುಂದೆ ನೋಡಿದರು. ಗೌಡರು ಅವರತ್ತ ನೋಡಿದ ಮೇಲೆ ಹಿಂದೆಯೂ ನೋಡಲಿಲ್ಲ, ಮುಂದೆಯೂ ನೋಡಲಿಲ್ಲ. ಮಾಸ್ತರರು ತಾವೇ ಸ್ಟೂಲು ಹತ್ತಿ, ಮೂತಿಗಿಂತ ಸ್ವಲ್ಪ ಕೆಳಗೆ, ಕ್ಯಾಮರಾಕ್ಕೆ ಚೆನ್ನಾಗಿ ಕಾಣುವಂತೆ ಸ್ಟಿಕ್ಕರನ್ನು ಸುತ್ತಿ ಅಂಟಿಸಿದರು. ಚಿತ್ರದಲ್ಲಿ ಗೌಡರ ಗಲ್ಲದ ಹತ್ತಿರ ಗಾಳಿ ಸಿಕ್ಕಿ ಉಬ್ಬಿಕೊಂಡಿತು.

"ಇದೇನ್ರಿ, ನನಗ ಗದ್ದಗಟ್ಟು ಬಂದು ಗಲ್ಲ ಬಾತಂಗ ಕಾಣತೈತಿ!" ಎಂದರು ಗೌಡರು. ಎಲ್ಲರೂ ನಕ್ಕರು, ನಗಲೇಬೇಕಲ್ಲ.

ಸುಕ್ಕು ಕಂಡರೆ ಸುಮ್ಮನಿರುವ ಜಾಯಮಾನ ಇಂದುಬಾಯಿಯದಲ್ಲ. ಅವಳು ಸ್ಟೂಲು ಹತ್ತಿ, ಹೆಬ್ಬೆರಳಿನ ಉಗುರಿನಿಂದ ನಡುವಿನಿಂದ ಅಂಚಿನವರೆಗೆ ಒತ್ತಿ ಒತ್ತಿ ಎಳೆದು, ಒಂದು ಗುಳ್ಳೆಯೂ ಉಳಿಯದಂತೆ ಸ್ಟಿಕ್ಕರನ್ನು ಸಾಪಾಗಿ ಕೂಡಿಸಿಬಿಟ್ಟಳು. "ಟೇಲರ್ ಕೈ ಅಂದ್ರ ಕೈ ನೋಡ್ರಿ!" ಎಂದು ಗೌಡರು ಮೆಚ್ಚಿದರು. ಅವಳಿಗೂ ಒಳಗೊಳಗೇ ಹಿಗ್ಗಾಯಿತು. ಫೋಟೋ ತೆಗೆದರು.

ಬುಗುರಿ-೩ ಏರಿತು. ದಾರ ಹಿಡಿದು ಎಳೆದಂತೆ ನೆಟ್ಟಗೆ, ಒಂದು ಸುತ್ತೂ ತಿರುಗದೆ ಏರಿತು. ವಿದ್ಯಾರ್ಥಿಗಳು ಶೆಡ್ಡಿನಲ್ಲಿ ಕುಣಿಯುವುದು ಪೆಂಡಾಲಿಗೂ ಕೇಳಿಸಿತು. ಮೇಲೆ ಒಂದು ಗಳಿಗೆ ನಿಂತಂತಾಗಿ ರಾಕೆಟ್ಟು ಮೂತಿ ಕೆಳಗೆ ಮಾಡಿತು. ಇಂದುಬಾಯಿ ತನ್ನ ಎಂಟು ಪಟ್ಟಿ ಅರಳುವುದನ್ನು ಕಾಯುತ್ತ ಸೆರಗು ಹಿಡಿದು ನಿಂತಳು. ಅರಳಲಿಲ್ಲ. ಧ್ವನಿವರ್ಧಕದಿಂದ ಹೇಳುಗದ ನಿರುಮ್ಮಳ ಧ್ವನಿ ಬಂತು: "ಛತ್ರಿ ಬಿಚ್ಚುವುದಿಲ್ಲ. ಕಾರಣ, ನಾನು ಇನ್ನೂ ನೆಲದ ಮೇಲಿದ್ದೇನೆ. ಮೂವರಲ್ಲಿ ಇಬ್ಬರು ಹಾಗೆ ಹೇಳಿದರು."

ಹಾಗೆನ್ನುತ್ತಲೇ ಅದು ಬಂದು ಪೆಂಡಾಲಿನ ಹಿಂದಿನ ಖಾಲಿ ಹೊಲದಲ್ಲಿ ಮೂತಿ ಚೂರುಚೂರಾಗಿ ಹೂತುಕೊಂಡಿತು. ಎಂಬತ್ತು ಹೆಜ್ಜೆ ಈಚೆಗೆ ಬಿದ್ದಿದ್ದರೆ ಊರಿನ ಅರ್ಧ ಗಣ್ಯರ ಫೋಟೋಗಳಿಗೆ ಮಾಲೆ ಹಾಕಬೇಕಾಗುತ್ತಿತ್ತು.

ಹನ್ನೆರಡು ದಿನಕ್ಕೆ, ಗೌಡರು ನೇಮಿಸಿದ ಕಾಲೇಜಿನ ಸಮಿತಿಯ ವರದಿ ತಯಾರಾಯಿತು. ವೃಂದಾ ಅದರ ಪ್ರತಿ ಹಿಡಿದು ಮಧ್ಯಾಹ್ನ ಅಂಗಡಿಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಓದಿದಳು: "ಸ್ಥಳೀಯ ಟೇಲರೊಬ್ಬರು ಹೊಲಿದ ಛತ್ರಿಯ ಹೊಲಿಗೆಗಳು ಅಗತ್ಯಕ್ಕಿಂತ ದಪ್ಪವಾಗಿದ್ದು, ಒಳಗೆ ಗಾಳಿಯ ಚಲನೆಗೆ ತಡೆಯಾಗಿ, ಒತ್ತಡಮಾಪಕಗಳು ತಪ್ಪು ಎತ್ತರ ತೋರಿಸಿರುತ್ತವೆ. ಹೇಳುಗದಲ್ಲಿ ಯಾವುದೇ ದೋಷವಿರುವುದಿಲ್ಲ."

ಇಂದುಬಾಯಿ ಯಂತ್ರ ತುಳಿಯುವುದನ್ನು ನಿಲ್ಲಿಸಿದಳು. "ಯಾರ ಹೊಲಿಗಿ?"

"ನಿಂದು, ಅವ್ವಾ."

"ದಪ್ಪ ಅಂತ? ನಂದು?" ಅವಳಿಗೆ ಮೊದಲು ನಗು ಬಂತು. ಆಮೇಲೆ ಕಿವಿ ಬಿಸಿಯಾಯಿತು. ಆಮೇಲೆ ಅವಳು ಎದ್ದೇ ನಿಂತಳು. "ಆ ಛತ್ರಿ ಎಲ್ಲೈತಿ? ತಗೊಂಬಾ. ಹೊಲಿಗಿ ನಾ ನೋಡತೇನಿ."

"ಲ್ಯಾಬ್‌ನ್ಯಾಗ ಸೀಲ್ ಮಾಡ್ಯಾರ. ನಾ ನೋಡೇನಿ. ಮಡಿಕಿ ಮಡಿಕಿನ್ಯಾಗ ಪೌಡರ್ ಹಂಗ ಕೂತೈತಿ. ಅದು ಗಾಳಿ ಕಂಡೇ ಇಲ್ಲ. ಮತ್ತ ಛತ್ರಿ ಇರೂ ಖೋಲೀನ ಬ್ಯಾರೆ, ಮಾಪಕ ಇರೂ ಖೋಲೀನ ಬ್ಯಾರೆ. ನಡು ಹಲಗಿ ಐತಿ. ಹಂಚಿನಾಳ ಸರ್‌ಗೂ ಗೊತ್ತೈತಿ."

"ಗೊತ್ತಿದ್ದೂ ಬರದಾರ?"

"'ನಿಮ್ಮವ್ವನ ಹೆಸರು ಎಲ್ಲೂ ಹಾಕಿಲ್ಲಲ್ಲವಾ, ನಿನಗೇನಾಗೇತಿ ಧಾಡಿ, ಸುಮ್ನಿರು' ಅಂದ್ರು. ಹೇಳುಗದಾಗ ತಪ್ಪೈತಿ ಅಂದ್ರ ಡ್ರೋನ್ ನಿಲ್ಲತಾವ. ಹಂಗಾಗಿ ಹೊಲಿಗಿ ಸಿಕ್ಕೇತಿ ಅವರಿಗೆ."

ಹೆಸರು ಹಾಕಿಲ್ಲವಂತೆ! ಬೆಟಗೇರಿಯಲ್ಲಿ ಮಗಳ ರಾಕೆಟ್ಟಿಗೆ ಛತ್ರಿ ಹೊಲಿದ ಟೇಲರು ಎಷ್ಟು ಜನ ಇದ್ದಾರು? ಪೇಪರಿನಲ್ಲಿ 'ಟೇಲರ್ ಎಡವಟ್ಟು: ರಾಕೆಟ್ ಮಣ್ಣುಪಾಲು' ಎಂದು ಬಂದ ಮರುದಿನವೇ ಓಣಿಗೆಲ್ಲ ಸುದ್ದಿ ತಿಳಿದಿತ್ತು. ಮದುವೆ ಮನೆಯವರು ಸೀರೆಯ ಮೇಲಿನ ಹನ್ನೊಂದು ಜಾಕೀಟಿನ ಬಟ್ಟೆಯನ್ನು ಕತ್ತರಿಸುವ ಮೊದಲೇ ವಾಪಸು ಒಯ್ದರು. ಕಾರಣ ಕೇಳಿದರೆ, "ಏನಿಲ್ರಿ ಇಂದುಬಾಯಾರ, ಹುಡುಗಿ ಸಣ್ಣ ಹೊಲಿಗೀನ ಬೇಕಂತಾಳ" ಎಂದರು. ಬಸ್ಸಿಗೂ ಕಾರಣ ಹೇಳುವ ಕಾಯ್ದೆ ಇದೆ, ಇಂಥವರಿಗೆ ಇಲ್ಲ.

"ಸುಮ್ನಿರೂದು ಚಲೋ," ಎಂದ ತುಕಾರಾಮ, ಕತ್ತರಿ ಕೆಳಗಿಡದೆ. "ಗೌಡರ ಕೂಡ ನಮಗ್ಯಾಕ? ನಾಕ ದಿನಾ ಆಡತಾರ, ಬಿಡತಾರ. ಹುಡುಗಿ ಪಾಸಾಗಿ ಹೊರಗ ಬೀಳ್ಳಿ."

"ನಿಮ್ಮ ಕತ್ತರಿಗೆ ಹೆಸರಿಟ್ಟಿದ್ರ ಸುಮ್ನ ಇರತಿದ್ರೇನು?" ಎಂದಳು ಇಂದುಬಾಯಿ. ತುಕಾರಾಮ ಕತ್ತರಿ ಕೆಳಗಿಟ್ಟ.

ಎರಡು ದಿನ ಅವಳು ಸಿಟ್ಟಿನಲ್ಲೇ ಹೊಲಿದಳು. ಮೂರನೆಯ ದಿನ ಒಂದು ಅಂಗಿಗೆ ಕಾಜ ಮಾಡುತ್ತ ಕೂತಿದ್ದಾಗ, ಗುಂಡಿ ತೂರುವ ಆ ಸಣ್ಣ ಸೀಳಿನ ಸುತ್ತ ದಾರ ಬಿಗಿಯುತ್ತ, ಪಕ್ಕದಲ್ಲಿದ್ದ ಮಗಳನ್ನು ಕೇಳಿದಳು: "ಅಲ್ಲವಾ, ಆ ನಿನ್ನ ಹೇಳುಗ ನೆಲದ ಮ್ಯಾಲ ಅದೇನಿ ಅಂತ ಯಾಕ ಅಂತು? ಕಣ್ಣಿಲ್ಲೇನು ಅದಕ್ಕ?"

"ಕಣ್ಣಿಲ್ಲ. ಮೂರು ಸಾಕ್ಷಿ ಅದಾವ. ಒಂದು ಜಗ್ಗಿದ್ದು ತಳ್ಳಿದ್ದು ಹೇಳತೈತಿ. ಎರಡು ಗಾಳಿ ಒತ್ತಡ ಅಳಿತಾವ. ಮ್ಯಾಲ ಹೋದಂಗ ಒತ್ತಡ ಕಡಿಮಿ ಆಗತೈತಲ್ಲ, ಅದರ ಮ್ಯಾಲ ಎತ್ತರ. ಮೂರರಾಗ ಎರಡು ಏನಂತಾವೋ ಅದನ್ನ ನಂಬು ಅಂತ ನಾನ ಬರದೇನಿ. ಆ ಎರಡನ್ನೂ ಒಂದೇ ಖೋಲ್ಯಾಗ ಕೂಡಿಸಿದ್ದು ನನ್ನ ತಪ್ಪು. ಒಂದಕ್ಕ ಗಾಳಿ ಸಿಗಲಿಲ್ಲಂದ್ರ ಎರಡಕ್ಕೂ ಸಿಗಂಗಿಲ್ಲ. ಇದನ್ನ ನಾ ಸಮಿತಿಗೂ ಹೇಳಿದೆ, ಬರಕೊಳ್ಳಲಿಲ್ಲ."

"ಹೊರಗಿನ ಗಾಳಿ ಆ ಖೋಲಿಗೆ ಎಲ್ಲಿಂದ ಬರತೈತಿ?"

"ಮೂತಿ ಕೆಳಗ ಸುತ್ತಲೂ ನಾಕ ತೂತು ಅದಾವ. ಸಣ್ಣವು. ನಿನ್ನ ಕಾಜದಷ್ಟ."

ಇಂದುಬಾಯಿಯ ಸೂಜಿ ನಿಂತಿತು. ಬಟ್ಟೆಯ ಕೆಳಗೆ ಏನಿದ್ದರೂ ಬೆರಳಿಗೆ ಗೊತ್ತಾಗುತ್ತದೆ, ಗುಂಡಿಯೋ ಕಾಜವೋ ಕಾಣದೆಯೇ ಹೇಳಬಹುದು. ಆ ದಿನ ಗೌಡರ ಗಲ್ಲ ಸಾಪು ಮಾಡುವಾಗ ಅವಳ ಉಗುರು ಸ್ಟಿಕ್ಕರಿನ ಅಡಿಯಲ್ಲಿ ಒಂದು ಸಣ್ಣ ತಗ್ಗಿಗೆ ಬಿದ್ದಿತ್ತು. ಸ್ವಲ್ಪ ಸರಿದರೆ ಇನ್ನೊಂದಕ್ಕೆ. ಸ್ಕ್ರೂ ಇರಬೇಕೆಂದುಕೊಂಡು ಅದರ ಅಂಚಿನ ಸುತ್ತ ಇನ್ನಷ್ಟು ಬಿಗಿಯಾಗಿ ಒತ್ತಿದ್ದಳು.

"ವೃಂದಾ," ಎಂದಳು. "ಆ ತೂತು ನಾನ ಮುಚ್ಚೇನವಾ."

ಎಲ್ಲ ಕೇಳಿದ ಮೇಲೆ ವೃಂದಾ ಎದ್ದು ಹೊರಗೆ ಓಡಿದಳು, ತಾಯಿ ಹಿಂದೆಯೇ ಹೋದಳು. ಬಸ್ ನಿಲ್ದಾಣದ ಎದುರು, ಆ ದಿನದ ಫೋಟೋವನ್ನು ರಾಕೆಟ್ಟು ಏರುವ ಮೊದಲೇ ಕಳಿಸಿ ಅಚ್ಚು ಹಾಕಿಸಿದ್ದ ಇಪ್ಪತ್ತಡಿಯ ಫ್ಲೆಕ್ಸ್ ಇನ್ನೂ ನಿಂತಿತ್ತು: ರಾಕೆಟ್ಟಿನ ಪಕ್ಕ ಗೌಡರು, ರಾಕೆಟ್ಟಿನ ಮೇಲೂ ಗೌಡರು. ಸ್ಟಿಕ್ಕರ್ ಬುಡದಲ್ಲಿರಲಿಲ್ಲ. ಸರಿಯಾಗಿ ಮೂತಿಯ ಕೆಳಗೆ, ನಾಲ್ಕು ತೂತು ಇರಬೇಕಾದ ಜಾಗದಲ್ಲಿ ಬಂಗಾರದ ಪಟ್ಟಿ ಫಳಫಳ ಹೊಳೆಯುತ್ತಿತ್ತು. ಖೋಲಿಯಲ್ಲಿ ನೆಲದ ಗಾಳಿಯೇ ಸಿಕ್ಕಿಬಿದ್ದಿದೆ, ಒಂದು ಕಿಲೋಮೀಟರ್ ಎತ್ತರಕ್ಕೂ ಅದನ್ನೇ ಹೊತ್ತು ಹೋಗಿದೆ. ಹೇಳುಗ ತನಗೆ ಸಿಕ್ಕ ಸತ್ಯವನ್ನೇ ಹೇಳಿತ್ತು. ನೆಲದಲ್ಲಿ ತಪಾಸಣೆ ಮಾಡಿದ್ದರೂ ಗೊತ್ತಾಗುತ್ತಿರಲಿಲ್ಲ, ಒಳಗೂ ಹೊರಗೂ ಅಲ್ಲಿ ಒಂದೇ ಗಾಳಿ.

"ಮುಂದಿನ ತಿಂಗಳು ನಲವತ್ತು ಡ್ರೋನ್ ಹೋಗತಾವ," ಎಂದಳು ವೃಂದಾ. "ಇದ ಹೇಳುಗ, ಇವ ತೂತು. ಒಂದೊಂದಕ್ಕೂ ಒಬ್ಬೊಬ್ಬರ ಫೋಟೋ ಹಚ್ಚತಾರ, ಬಿಡತಾರೇನು? ಕೆಳಗ ಜನಾ ಇರತಾರ, ಅವ್ವಾ."

"ಹೇಳೂಣು ನಡಿ. ಯಾರಿಗೆ ಹೇಳಬೇಕು?"

"ಸೋಮವಾರ ಸರಕಾರದ ತನಿಖಾಧಿಕಾರಿ ಬರತಾರ ವರದಿ ದಾಖಲ ಮಾಡಾಕ. ಆದ್ರ ವರದಿನ್ಯಾಗ ಕಾರಣದ ಕಾಲಮ್ಮಿನಾಗ ಹೆಸರಿದ್ದವರಿಗಷ್ಟ ಮಾತಾಡೂ ಹಕ್ಕು. ಅವರು ಆಡಿದ ಮಾತು ಹೇಳುಗದ ಕಡತಕ್ಕ ಸೇರತೈತಿ. ಎಲ್ಲೇ ಹೇಳುಗ ಜೋಡಿಸಿದ್ರೂ, ಜೋಡಸಾಂವ ಮೊದಲ ಅದನ್ನ ಪೂರ್ತಿ ಕೇಳಬೇಕು, ಕೇಳದಿದ್ರ ಅದು ಚಾಲೂ ಆಗಂಗಿಲ್ಲ. ವಿದ್ಯಾರ್ಥಿಗೋಳ ಹೆಸರೂ ಹಾಕಿಲ್ಲ, ನಿಂದೂ ಹಾಕಿಲ್ಲ. 'ಸ್ಥಳೀಯ ಟೇಲರ್' ಅಂತ ಸುಮ್ನ ಬರದಾರೇನು?"

ಇಂದುಬಾಯಿ ಫ್ಲೆಕ್ಸಿನ ಗೌಡರನ್ನು ಕೊರಳೆತ್ತಿ ನೋಡಿದಳು. ಮರ್ಯಾದೆ ಉಳಿಸಲೆಂದು ಹೆಸರು ಬಿಟ್ಟಿದ್ದಾರೆಂದು ಗಂಡ ಸಮಾಧಾನ ಪಟ್ಟುಕೊಂಡಿದ್ದ. ಬಾಯಿ ಕಟ್ಟಲೆಂದು ಬಿಟ್ಟಿದ್ದರು. ಎಂಥ ಮಂದಿ!

ಸೋಮವಾರ ಕಾಲೇಜಿನ ಸಭಾಂಗಣದಲ್ಲಿ ಉದ್ದ ಮೇಜಿನ ಆ ತುದಿಗೆ ತನಿಖಾಧಿಕಾರಿ ಸಬಿಹಾ ಮುಲ್ಲಾ ಕೂತಿದ್ದರು. ಅವರ ಮುಂದೆ ಬೂದು ಬಣ್ಣದ ದಾಖಲೆ ಯಂತ್ರ. ಪಕ್ಕದಲ್ಲಿ ಅಂದಾನಗೌಡರು, ಹಂಚಿನಾಳ ಮಾಸ್ತರರು. ಬಾಗಿಲು ತಳ್ಳಿ ಇಂದುಬಾಯಿ ಒಳಗೆ ಬಂದಾಗ ಮಾಸ್ತರರು ತಲೆ ತಗ್ಗಿಸಿದರು. ಅಷ್ಟರಮಟ್ಟಿಗೆ ಅವರಲ್ಲಿ ನಾಚಿಕೆ ಉಳಿದಿತ್ತು.

"ನಾನು ಇಂದುಬಾಯಿ ಮಹೇಂದ್ರಕರ," ಎಂದಳು ಅವಳು. "ಸ್ಥಳೀಯ ಟೇಲರ್ ಅಂತ ಬರದಾರಲ್ರಿ, ಅದು ನಾನ. ನನ್ನ ಹೆಸರು ಹಾಕ್ರಿ ಅಂತ ಕೇಳಾಕ ಬಂದೇನ್ರಿ."

ಗೌಡರು ಇದನ್ನು ನಿರೀಕ್ಷಿಸಿರಲಿಲ್ಲ. ಹೆಂಗಸು ಅಳುತ್ತಾಳೆ, ಹೆಸರು ಕೆಡಿಸಬೇಡಿ ಎನ್ನುತ್ತಾಳೆ, ತಾವು ದೊಡ್ಡ ಮನಸ್ಸು ಮಾಡಿ ಸಮಾಧಾನ ಹೇಳಬೇಕು ಎಂದು ಸಿದ್ಧವಾಗಿದ್ದರು. ಈಗ ಅವರ ಮುಖ ಅರಳಿತು. ಹಂಚಿನಾಳ ಮಾಸ್ತರರು ಏನೋ ಹೇಳಲು ಅವರ ಕಡೆ ಬಾಗಿದರು. ಗೌಡರು ಕೈಯಿಂದಲೇ ತಡೆದರು. "ನೋಡ್ರಿ ಮೇಡಂ, ತಪ್ಪು ಒಪ್ಪಿಕೊಳ್ಳೂದಂದ್ರ ಸಣ್ಣ ಮಾತಲ್ಲ. ಬರಕೊಳ್ರಿ, ಬರಕೊಳ್ರಿ. ನಮ್ದೇನೂ ತಕರಾರಿಲ್ಲ."

"ಸಮಿತಿಯ ಒಪ್ಪಿಗೆ ಇದೆಯಾ?" ಎಂದು ಕೇಳಿದರು ಸಬಿಹಾ.

"ಪೂರಾ ಐತ್ರಿ."

ಸಬಿಹಾ ಹೆಸರು ಬರೆದರು. ಯಂತ್ರದಲ್ಲಿ ಹಸಿರು ದೀಪ ಹತ್ತಿತು. "ಇಂದುಬಾಯಿಯವರೇ, ವರದಿಯಲ್ಲಿ ಹೆಸರಿರುವುದರಿಂದ ನಿಮ್ಮ ಹೇಳಿಕೆ ಕೊಡುವ ಹಕ್ಕು ನಿಮಗಿದೆ. ಏನಾದರೂ ಹೇಳುವುದಿದೆಯಾ?"

"ಐತ್ರಿ," ಎಂದಳು ಇಂದುಬಾಯಿ. ಕುರ್ಚಿ ಎಳೆದು ಕೂತು, ಯಂತ್ರದ ಹತ್ತಿರ ಬಾಗಿದಳು. ಎದುರಿಗಿದ್ದವರೊಡನೆ ಅಲ್ಲ, ಎಲ್ಲೋ ಒಂದು ಕಡೆ ಡ್ರೋನು ಬಿಚ್ಚಿಕೊಂಡು ಕೂತ ಯಾರೋ ಹುಡುಗನೊಡನೆ ಮಾತಾಡುವವಳಂತೆ ಶುರುಮಾಡಿದಳು.

"ತಮ್ಮಾ, ನೀ ಯಾರೋ ನನಗ ಗೊತ್ತಿಲ್ಲ. ಹೇಳುಗ ಜೋಡಸಾಕ ಕೂತಿದಿ, ಅದಕ್ಕ ಕೇಳು. ಬುಗುರಿ-೩ ಬಿದ್ದದ್ದು ನನ್ನ ಹೊಲಿಗಿಯಿಂದಲ್ಲ. ಹೊಲಿಗಿ ಗಟ್ಟಿ ಐತಿ, ಲ್ಯಾಬ್‌ನ್ಯಾಗ ಸೀಲ್ ಬಿಚ್ಚಿ ಯಾರ ಬೇಕಾದ್ರೂ ಜಗ್ಗಿ ನೋಡ್ಲಿ. ಅದು ಬಿದ್ದದ್ದು ಫೋಟೋದಿಂದ. ಮೂತಿ ಕೆಳಗ ನಾಕ ತೂತು ಅದಾವ, ಯಂತ್ರ ಉಸರಾಡೂ ತೂತು. ಅದರ ಮ್ಯಾಲ ನಮ್ಮ ಕಾಲೇಜಿನ ಅಧ್ಯಕ್ಷರ ಸ್ಟಿಕ್ಕರ್ ಹಚ್ಚಿದ್ರು. ಮುಟ್ಟಬ್ಯಾಡ್ರಿ ಅಂತ ಹುಡುಗಿ ಹೇಳಿದ ಮ್ಯಾಲೂ ಹಚ್ಚಿದ್ರು. ಸುಕ್ಕಾಗಿತ್ತು, ಒತ್ತಿ ಕೂಡಿಸಿದಾಕಿ ನಾನು. ನನ್ನ ಉಗುರಿಗೆ ತೂತು ಹತ್ತಿತ್ತು, ನಾ ಕೇಳಲಿಲ್ಲ. ಅಷ್ಟು ತಪ್ಪು ನಂದು."

"ಏಯ್, ಏಯ್!" ಎಂದು ಗೌಡರು ಅರ್ಧ ಎದ್ದರು. "ಇದೇನಿದು? ಹೊಲಿಗಿ ಬಗ್ಗೆ ಹೇಳಂದ್ರ..."

"ಹೇಳಿಕೆ ನಡುವೆ ಮಾತಾಡುವಂತಿಲ್ಲ," ಎಂದರು ಸಬಿಹಾ. ಹಂಚಿನಾಳ ಮಾಸ್ತರರು ಕಣ್ಣು ಮುಚ್ಚಿಕೊಂಡರು.

ಇಂದುಬಾಯಿ ತಿರುಗಿಯೂ ನೋಡಲಿಲ್ಲ. "ಗಾಳಿ ಅಳಿಯೂ ಎರಡೂ ಸಾಕ್ಷಿ ಒಂದೇ ಖೋಲ್ಯಾಗ ಅದಾವಂತ. ನೀ ಜೋಡಸೂ ಮುಂದ ಬ್ಯಾರೆ ಬ್ಯಾರೆ ಇಡು. ನನ್ನ ಮಗಳು ತಾನ ಮಾಡಿದ ತಪ್ಪು ಅಂತ ಒಪ್ಪಿಕೊಂಡಾಳ, ಬರಕೊಳ್ರಿ ಅಂತ ಕೇಳ್ಯಾಳ, ಯಾರೂ ಬರಕೊಂಡಿಲ್ಲ. ಇನ್ನ ಆ ತೂತಿನ ಮ್ಯಾಲ ಏನೂ ಹಚ್ಚಬ್ಯಾಡ. ಮಂತ್ರಿ ಫೋಟೋ ತಂದ್ರೂ ಬ್ಯಾಡ, ದೇವರ ಫೋಟೋ ತಂದ್ರೂ ಬ್ಯಾಡ. ಹಚ್ಚು ಅಂತ ಯಾರರ ಜೋರು ಮಾಡಿದ್ರ ಅವರನ್ನ ನಿನ್ನ ಪಕ್ಕ ಕೂಡಿಸಿ ಇದನ್ನ ಕೇಳಸು. ಬ್ಯಾಸ್ರ ಮಾಡಕೋಬ್ಯಾಡ, ತಮ್ಮಾ. ಕೆಳಗ ಮಂದಿ ಇರತಾರ. ನಂದು ಇಷ್ಟ."

ಹಸಿರು ದೀಪ ಆರಿತು. ಯಂತ್ರ, "ದಾಖಲಾಯಿತು" ಎಂದಿತು.

"ತೆಗೀರಿ ಆಕೀ ಹೆಸರು!" ಗೌಡರು ಮೇಜು ಗುದ್ದಿದರು. ನೀರಿನ ಲೋಟ ಉರುಳಿತು. "ನಾವು ಹೆಸರು ಹಾಕೇ ಇರಲಿಲ್ಲ! ಆಕೀಗೂ ವರದಿಗೂ ಏನ ಸಂಬಂಧ? ಹೊಲಿಗಿ ಗಿಲಿಗಿ ಎಲ್ಲಾ ತೆಗೀರಿ, ಹೊಸಾ ವರದಿ ಕೊಡತೇವಿ!"

"ಈಗ ಆಗುವುದಿಲ್ಲ ಸರ್. ನಿಮ್ಮ ಒಪ್ಪಿಗೆಯಿಂದಲೇ ಬರೆದದ್ದು."

"ಹಂಗಾದ್ರ ನಾನೂ ಮಾತಾಡತೇನಿ. ಹಚ್ರಿ ಆ ದೀಪ. ನಂದೂ ಒಂದು ಹೇಳಿಕಿ ಐತಿ."

ಸಬಿಹಾ ವರದಿಯ ಪುಟಗಳನ್ನು ಮೊದಲಿನಿಂದ ಕೊನೆಯವರೆಗೆ ಸಾವಕಾಶವಾಗಿ ತಿರುವಿದರು. "ನಿಮ್ಮ ಹೆಸರು ಇದರಲ್ಲಿ ಎಲ್ಲೂ ಇಲ್ಲವಲ್ಲ ಸರ್. ಕಾರಣದ ಕಾಲಮ್ಮಿನಲ್ಲಿ ಹೆಸರಿದ್ದರೆ ಮಾತ್ರ ಮಾತಾಡಬಹುದು." ಅವರು ಬೆರಳನ್ನು ಕೀಲಿಯ ಮೇಲಿಟ್ಟು ತಲೆಯೆತ್ತಿದರು. "ಬರೆಯಲಾ?"

ಇಂದುಬಾಯಿಯೂ ಗೌಡರನ್ನೇ ನೋಡುತ್ತ ಕಾದಳು. ಅವಳಿಗೆ ಅವಸರವಿರಲಿಲ್ಲ.

ಆಸ್ಪತ್ರೆಯ ಬೆಂಚಿನಿಂದ ಹಿಡಿದು ಸ್ಮಶಾನದ ಗೇಟಿನವರೆಗೆ ತಮ್ಮ ಹೆಸರು ಬರೆಸಿದ್ದ ಮನುಷ್ಯ ಒಮ್ಮೆ ಆ ಯಂತ್ರವನ್ನು ನೋಡಿದರು, ಒಮ್ಮೆ ಬಾಗಿಲನ್ನು ನೋಡಿದರು. "ಬ್ಯಾಡ್ರಿ," ಎಂದರು.